ನೀರು ಬರುವ ಮೊದಲಿನ ಗದ್ದೆ

(ಆಕಾಶವಾಣಿ ಭಾಷಣ)

ಕನ್ನಡ ಸಾಹಿತ್ಯದ ಪಾಠ ಹೇಳಿಕೊಂಡು ಬಂದವನೊಬ್ಬ ಷೇರುಪೇಟೆಯ ಕಾಯಿದೆಯನ್ನು ಕುರಿತು ಮಾತನಾಡಲು ಕುಳಿತರೆ ಕೇಳುವವರಿಗೆ ವಿಚಿತ್ರವಾಗಿ ತೋರೀತು. ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳುವುದು ನನ್ನ ಕಸುಬು. ಸೂಚ್ಯಂಕದ ಏರಿಳಿತ ನನ್ನ ವಿಷಯವಲ್ಲ. ಆದರೂ ಕೆಲವು ತಿಂಗಳಿಂದ ನನ್ನ ಮೇಜಿನ ಮೇಲೆ ಕಾವ್ಯಗಳ ಪಕ್ಕದಲ್ಲಿ 1992ರ ಸೆಬಿ ಕಾಯಿದೆಯ ಒಂದು ಪ್ರತಿ ಬಿದ್ದುಕೊಂಡಿದೆ. ಅದಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿ.

ಅವನು ಕುರುಗೋಡಿನ ಕಡೆಯವನು. ಮನೆತನದ್ದು ಮೆಣಸಿನಕಾಯಿಯ ಬೇಸಾಯ. ಒಂದು ಸಂಜೆ ಬಳ್ಳಾರಿಯ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಆರಲು ಬಿಟ್ಟು, ತಲೆ ತಗ್ಗಿಸಿ ಕುಳಿತ. ತಂದೆ ಬ್ಯಾಡಗಿಗೆ ಹೋಗಿ ಕಾಯಿ ಮಾರಿ ತಂದ ಹಣವನ್ನು ಇವನು ಮೊಬೈಲ್ ಫೋನಿನ ಮೂಲಕ ಆಪ್ಷನ್ ವ್ಯಾಪಾರಕ್ಕೆ ಹಾಕಿ ಕಳೆದುಕೊಂಡಿದ್ದ. ಎಷ್ಟು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ಮೆಣಸಿನಕಾಯಿ ಆದರೆ ತಗೊಳ್ಳೋನ ಮುಖ ಕಾಣ್ತದೆ ಸಾರ್. ಇಲ್ಲಿ ನಾನು ಮಾರಿದ್ದನ್ನ ಯಾರು ತಗೊಂಡ್ರು, ನನಗೆ ಮಾರಿದೋರು ಯಾರು, ಒಂದು ದಿನಾನೂ ಗೊತ್ತಾಗಲಿಲ್ಲ" ಎಂದ.

ಆಪ್ಷನ್ ಎಂದರೇನೆಂದು ನಾನು ಅವನಿಂದಲೇ ಕಲಿತೆ. ಇಂಥ ದಿನ ಇಂಥ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕನ್ನು ಇಂದೇ ಒಂದಿಷ್ಟು ಹಣ ಕೊಟ್ಟು ಪಡೆದುಕೊಳ್ಳುವುದು. ಬೆಲೆ ನಮ್ಮ ಎಣಿಕೆಯಂತೆ ನಡೆಯದಿದ್ದರೆ ಆ ಹಣ ಹೋಯಿತು. ಅಷ್ಟೆ. ತತ್ತ್ವ ಸರಳವಾಗಿದೆ. ಸರಳವಲ್ಲದ್ದು ಎದುರಿಗೆ ಕುಳಿತವನ ವಿಷಯ. ಅವನು ಮನುಷ್ಯನೇ ಆಗಿರಬೇಕೆಂದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಲ ಕೊಳ್ಳುವ, ಮಾರುವ, ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಯಂತ್ರಸೂತ್ರ ಅದಾಗಿರಬಹುದು. ಪೇಟೆಯವರು ಅದನ್ನು 'ಆಲ್ಗೊ' ಎನ್ನುತ್ತಾರೆ.

ವಿದ್ಯಾರ್ಥಿ ಎದ್ದುಹೋದ ಮೇಲೆ ನನಗೆ ನಮ್ಮ ತಾತ ಹೇಳುತ್ತಿದ್ದ ಬಳ್ಳಾರಿಯ ಹತ್ತಿ ಪೇಟೆಯ ಕಥೆಗಳು ನೆನಪಾದವು. ಈ ಸೀಮೆಯ ಹತ್ತಿಗೆ ಆಗ 'ವೆಸ್ಟರ್ನ್ಸ್' ಎಂಬ ವ್ಯಾಪಾರದ ಹೆಸರಿತ್ತು. ಬಂಡಿಗಳು ಬೆಳಗಿನ ಜಾವಕ್ಕೆ ಬಂದು ನಿಲ್ಲುತ್ತಿದ್ದವು. ದಲಾಲನೂ ಖರೀದಿದಾರನೂ ಕೈಗಳ ಮೇಲೆ ಒಂದು ವಲ್ಲಿಯನ್ನು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಧಾರಣೆ ಮಾತಾಡುತ್ತಿದ್ದರು. ಹತ್ತಿ ಬೆಳೆದವನು ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದುದು ವಲ್ಲಿಯ ಅಲುಗಾಟ ಮಾತ್ರ. ತೂಕದ ಕಲ್ಲು ವ್ಯಾಪಾರಿಯದು, ತಕ್ಕಡಿ ವ್ಯಾಪಾರಿಯದು, ಲೆಕ್ಕದ ಪುಸ್ತಕವೂ ವ್ಯಾಪಾರಿಯದು. ಮೇಲೆ 'ಸೂಟು' ಎಂದು ಒಂದಿಷ್ಟು ತೂಕ ಕಳೆಯುವುದು, ದೇವರ ಹೆಸರಿನಲ್ಲಿ ಒಂದು ಹಿಡಿ ತೆಗೆಯುವುದು.

ಇದನ್ನು ಸರಕಾರ ಅರಿಯಲು ಬಹಳ ಕಾಲ ಹಿಡಿಯಿತು. 1928ರಲ್ಲಿ ರಾಯಲ್ ಕೃಷಿ ಆಯೋಗ ವರದಿ ಕೊಟ್ಟಿತು. ಬಳ್ಳಾರಿ ಆಗ ಮದರಾಸು ಆಧಿಪತ್ಯದಲ್ಲಿತ್ತಷ್ಟೆ. ಅಲ್ಲಿ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯಿದೆ ಬಂತು. ಹತ್ತಿ, ಶೇಂಗಾ, ಹೊಗೆಸೊಪ್ಪು ಅದರ ವ್ಯಾಪ್ತಿಯ ಬೆಳೆಗಳು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದೆ 1966ರ ಕೃಷಿ ಮಾರುಕಟ್ಟೆ ಕಾಯಿದೆ ಬಂದು ಈಗಿನ ಎ.ಪಿ.ಎಂ.ಸಿ.ಗಳ ಬುನಾದಿ ಹಾಕಿತು. ವಲ್ಲಿ ಸರಿದು ಬಹಿರಂಗ ಹರಾಜು ಬಂತು. 2014ರಿಂದ ಕರ್ನಾಟಕದ ಮಾರುಕಟ್ಟೆಗಳಲ್ಲಿ ಹರಾಜಿನ ಬದಲು ಕಂಪ್ಯೂಟರಿನ ಮೂಲಕ ಟೆಂಡರು ಹಾಕುವ ವ್ಯವಸ್ಥೆ ಹಬ್ಬಿತು. ಧಾರಣೆ ಈಗ ಪರದೆಯ ಮೇಲೆ ಮೂಡುತ್ತದೆ. ಆದರೆ ಪರದೆಯ ಮೇಲೆ ಮೂಡಿದ ಅಂಕಿಗೆ ಕಾರಣ ಪರದೆಯ ಮೇಲಿರುವುದಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದೆವು. ಆ ಕೃತ್ಯವನ್ನು ನಾನು ಸಮರ್ಥಿಸುವುದಿಲ್ಲ. ಯಾಕೆ ಬಿತ್ತು ಎಂಬ ಪ್ರಶ್ನೆಗೆ ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ನಂಬುವಂತಹ ಉತ್ತರ ಕೊಡಬಲ್ಲವರು ಇದ್ದಿದ್ದರೆ ಎಂದು ಮಾತ್ರ ಯೋಚಿಸುತ್ತೇನೆ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಪೌತವಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ತೂಕ ಅಳತೆಗಳ ಮೇಲ್ವಿಚಾರಣೆ ಅವನ ಹೊಣೆ. ನಮ್ಮ ಕಾಲದ ಬುದ್ಧಿ ಅವನನ್ನು ದಂಡ ಹಾಕುವ ಇನ್‌ಸ್ಪೆಕ್ಟರನೆಂದು ಊಹಿಸೀತು. ಆದರೆ ಗ್ರಂಥ ಅವನಿಗೆ ಮೊದಲು ವಿಧಿಸುವ ಕೆಲಸ ಬೇರೆ: ತೂಕ ಅಳತೆಯ ಸಾಧನಗಳನ್ನು ತಯಾರಿಸುವ ಕಾರ್ಯಶಾಲೆಯನ್ನು ಅವನೇ ನಡೆಸಬೇಕು. ಬೊಟ್ಟು ಯಾವುದರಿಂದಾಗಬೇಕು, ಎಂಥ ಕಲ್ಲು ನೆನೆದರೆ ಭಾರ ಹೆಚ್ಚಿಸಿಕೊಳ್ಳುವುದಿಲ್ಲ, ಎಂಥದು ಕಾದರೆ ಕಡಿಮೆಯಾಗುವುದಿಲ್ಲ ಎಂಬ ವಿಚಾರವೆಲ್ಲ ಅಲ್ಲಿದೆ. ದಂಡದ ಮಾತು ಆಮೇಲೆ. ಮೋಸವನ್ನು ಹಿಡಿಯಬೇಕಾದವನಿಗೆ ತಕ್ಕಡಿ ಕಟ್ಟುವ ವಿದ್ಯೆ ತನ್ನದೇ ಆಗಿ ಬರಬೇಕು. ವ್ಯಾಪಾರಿಯನ್ನು ಕೇಳಿ ಕಲಿತರೆ ವ್ಯಾಪಾರಿ ಹೇಳಿದಷ್ಟೇ ಗೊತ್ತಾಗುತ್ತದೆ.

ಈ ಬೆಳಕಿನಲ್ಲಿ ಸೆಬಿ ಕಾಯಿದೆಯನ್ನು ಓದಿದೆ. ಅದರ ಹನ್ನೊಂದನೆಯ ಪ್ರಕರಣ ಮಂಡಳಿಯ ಕರ್ತವ್ಯಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುತ್ತದೆ. ಷೇರು ವಿನಿಮಯ ಕೇಂದ್ರಗಳ ನಿಯಂತ್ರಣ, ದಲ್ಲಾಳಿಗಳ ನೋಂದಣಿ, ವಂಚನೆಯ ನಿಷೇಧ, ತಪಾಸಣೆ, ಹೀಗೆ ಸಾಗಿ, ಶುಲ್ಕ ವಸೂಲಿಯ ಉಪಖಂಡ ಮುಗಿದ ಮೇಲೆ ಬರುತ್ತದೆ ನಾನು ಹುಡುಕುತ್ತಿದ್ದ ವಾಕ್ಯ: ಮೇಲಿನ ಉದ್ದೇಶಗಳಿಗಾಗಿ ಸಂಶೋಧನೆ ನಡೆಸುವುದು. ಇಷ್ಟೇ. ಯಾವ ಬಗೆಯ ಸಂಶೋಧನೆ, ಯಾರಿಂದ, ಯಾವ ಹಣದಲ್ಲಿ, ಯಾವುದರ ಮೇಲೆ, ಒಂದೂ ಇಲ್ಲ. ವ್ಯಾಖ್ಯಾನವಿಲ್ಲದ ಸೂತ್ರದಂತಿದೆ ಅದು.

ಈ ಒಂದು ಸಾಲು ಸಾಲದೆ ಹೋದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಸರಕುಗಳ ವಾಯಿದಾ ವ್ಯಾಪಾರಕ್ಕೆ ನಮ್ಮಲ್ಲಿ ಬೇರೆಯೇ ಕಾವಲುಗಾರನಿದ್ದ. 1952ರ ಕಾಯಿದೆಯ ಬಲದಿಂದ 1953ರಲ್ಲಿ ಫಾರ್ವರ್ಡ್ ಮಾರ್ಕೆಟ್ಸ್ ಕಮಿಷನ್ ಹುಟ್ಟಿತು. 1960ರ ದಶಕದಲ್ಲಿ ಹತ್ತಿಯೂ ಸೇರಿ ಬಹುತೇಕ ಸರಕುಗಳ ವಾಯಿದಾ ವ್ಯಾಪಾರವನ್ನು ನಿಷೇಧಿಸಿದ್ದರಿಂದ ಆ ಕಮಿಷನ್ನಿಗೆ ದಶಕಗಳ ಕಾಲ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. 2003ರಲ್ಲಿ ಬಾಗಿಲು ತೆರೆಯಿತು. ತೆರೆದಾಗ ಒಳಗೆ ನುಗ್ಗಿದ್ದು ಹಳೆಯ ಪೇಟೆಯಲ್ಲ, ಕಂಪ್ಯೂಟರಿನ ಪೇಟೆ. 2013ರ ಜುಲೈ ತಿಂಗಳಲ್ಲಿ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ಸುಮಾರು 5,600 ಕೋಟಿ ರೂಪಾಯಿಗಳ ಬಾಕಿ ತೀರಿಸಲಾರದೆ ಕುಸಿಯಿತು. ಉಗ್ರಾಣದಲ್ಲಿ ಇದೆ ಎಂದು ಪರದೆ ಹೇಳುತ್ತಿದ್ದ ಸರಕು ಉಗ್ರಾಣದಲ್ಲಿ ಇರಲಿಲ್ಲ. ಆ ಹೊಸ ಬಗೆಯ ಪೇಟೆ ಯಾರ ಅಂಕೆಗೆ ಸೇರಿದ್ದು ಎಂಬುದರ ಚರ್ಚೆ ನಡೆದದ್ದು ಕುಸಿದ ಮೇಲೆ. 2015ರ ಸೆಪ್ಟೆಂಬರ್ 28ರಂದು ಕಮಿಷನ್ನನ್ನು ಸೆಬಿಯಲ್ಲಿ ವಿಲೀನಗೊಳಿಸಿದರು. ಹೀಗೆ ಸಿರುಗುಪ್ಪದ ಭತ್ತ ಮುಂಬಯಿಯ ಷೇರುಪೇಟೆಯ ಕಾವಲುಗಾರನ ಕೈಗೆ ಬಂತು. 2021ರ ಡಿಸೆಂಬರಿನಲ್ಲಿ ಸೆಬಿ ಏಳು ಸರಕುಗಳ ವಾಯಿದಾ ವ್ಯಾಪಾರವನ್ನು ನಿಲ್ಲಿಸಿದಾಗ ಆ ಪಟ್ಟಿಯಲ್ಲಿ ಬಾಸ್ಮತಿಯಲ್ಲದ ಭತ್ತವೂ ಇತ್ತು. ನಮ್ಮ ಗದ್ದೆಗಳಲ್ಲಿ ಈ ವಿಷಯ ಎಷ್ಟು ಮಂದಿಗೆ ಗೊತ್ತಾಯಿತೋ!

ಆದರೂ ಆ ಒಂದು ಸಾಲಿನ ಉಪಖಂಡದಿಂದಲೇ ಸೆಬಿ ಒಂದು ದೊಡ್ಡ ಕೆಲಸ ಮಾಡಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 2024ರ ಸೆಪ್ಟೆಂಬರಿನಲ್ಲಿ ಅದು ವಾಯಿದಾ ಮತ್ತು ಆಪ್ಷನ್ ವ್ಯಾಪಾರದ ಒಂದು ಅಧ್ಯಯನ ಪ್ರಕಟಿಸಿತು. ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯಾಪಾರಕ್ಕಿಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇಕಡಾ 93 ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲು. ಮೂರನೆಯ ವರ್ಷ, ಎಂದರೆ 2023-24ರಲ್ಲಿ, ಈ ಜನರಲ್ಲಿ ಶೇಕಡಾ 72ಕ್ಕಿಂತ ಹೆಚ್ಚಿನವರು ದೇಶದ ಮೊದಲ ಮೂವತ್ತು ನಗರಗಳಾಚೆಯವರು. ನಮ್ಮಂಥ ಊರುಗಳವರು. ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಮೂವತ್ತು ತುಂಬದವರು.

ಹಣ ಎತ್ತ ಹೋಯಿತೆಂಬುದನ್ನೂ ಆ ಅಧ್ಯಯನ ಹುಡುಕಿತು. ಅದೇ ವರ್ಷ ವಿದೇಶಿ ಹೂಡಿಕೆ ಸಂಸ್ಥೆಗಳ ಲಾಭದಲ್ಲಿ ಶೇಕಡಾ 97, ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳ ಲಾಭದಲ್ಲಿ ಶೇಕಡಾ 96 ಬಂದದ್ದು ಯಂತ್ರಸೂತ್ರಗಳ ವ್ಯಾಪಾರದಿಂದ. ನನ್ನ ವಿದ್ಯಾರ್ಥಿ ಮುಖ ಕಾಣಲಿಲ್ಲ ಎಂದನಲ್ಲ, ಆ ಮುಖಕ್ಕೆ ಇದಕ್ಕಿಂತ ಸ್ಪಷ್ಟವಾದ ವಿಳಾಸ ಬೇಕಿಲ್ಲ. 2025ರ ಜುಲೈ 3ರಂದು ಸೆಬಿ ಜೇನ್ ಸ್ಟ್ರೀಟ್ ಎಂಬ ಅಮೆರಿಕನ್ ಸಂಸ್ಥೆಯ ಮೇಲೆ ಸೂಚ್ಯಂಕವನ್ನು ಅಡ್ಡದಾರಿಯಲ್ಲಿ ಏರಿಳಿಸಿದ ಆರೋಪ ಹೊರಿಸಿ, 4,843 ಕೋಟಿ ರೂಪಾಯಿಗಳನ್ನು ಹಿಡಿದಿಡುವ ಮಧ್ಯಂತರ ಆದೇಶ ಹೊರಡಿಸಿತು. ಆ ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿಗೆ ಹೋಯಿತು. ತೀರ್ಪಿನ ಮಾತು ನ್ಯಾಯಪೀಠದ್ದು, ನನ್ನದಲ್ಲ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಕ್ಷಣಕ್ಷಣದ ಲಕ್ಷಾಂತರ ವ್ಯವಹಾರಗಳನ್ನು ಬಿಡಿಸಿ ಜೋಡಿಸಿ ಓದಬಲ್ಲವರು ಕಾವಲುಗಾರನ ಮನೆಯಲ್ಲೇ ಇರದಿದ್ದರೆ, ಸರಿಯೋ ತಪ್ಪೋ, ಅಂಥ ಒಂದು ಆರೋಪಪಟ್ಟಿಯನ್ನು ಬರೆಯುವುದೇ ಸಾಧ್ಯವಿಲ್ಲ.

ಈಗ ಹೊಸ ಕಾಯಿದೆಯ ವಿಚಾರ. 2025ರ ಡಿಸೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಲೋಕಸಭೆಯಲ್ಲಿ 'ಸೆಕ್ಯೂರಿಟೀಸ್ ಮಾರ್ಕೆಟ್ಸ್ ಕೋಡ್' ಎಂಬ ಮಸೂದೆ ಮಂಡಿಸಿದರು. 1956, 1992 ಮತ್ತು 1996ರ ಮೂರು ಕಾಯಿದೆಗಳನ್ನು ಕೂಡಿಸಿ ಒಂದೇ ಸಂಹಿತೆ ಮಾಡುವ ಈ ಮಸೂದೆಯನ್ನು ಸಂಸತ್ತಿನ ಸ್ಥಾಯಿ ಸಮಿತಿಯ ಪರಿಶೀಲನೆಗೆ ಒಪ್ಪಿಸಲಾಯಿತು. ಅದರೊಳಗೆ ಹೊಸ ತಂತ್ರಜ್ಞಾನಗಳಿಗೆ ಸಂಬಂಧಿಸಿದ ಒಂದು ಏರ್ಪಾಡಿದೆ: ಮಂಡಳಿ 'ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್' ಅನ್ನು ಸ್ಥಾಪಿಸಬಹುದು. ಸೆಬಿ 2020ರಿಂದಲೇ ತನ್ನ ಸುತ್ತೋಲೆಯ ಬಲದಿಂದ ಇಂಥದ್ದನ್ನು ನಡೆಸುತ್ತ ಬಂದಿತ್ತು. ಈಗ ಅದಕ್ಕೆ ಕಾಯಿದೆಯ ಆಧಾರ ಕೊಡುವ ಪ್ರಯತ್ನ. ನಮ್ಮ ರಾಜ್ಯದಲ್ಲಿಯೂ ಇಂಥ ಆಲೋಚನೆ ಹೊಸದಲ್ಲ. ಇರುವ ನಿಯಮಗಳು ಒಪ್ಪದ ಹೊಸ ಉಪಾಯಗಳಿಗೆ ಪ್ರಯೋಗದ ಅವಕಾಶ ಕೊಡಲೆಂದೇ 2020ರಲ್ಲಿ ಕರ್ನಾಟಕ ಒಂದು ಇನ್ನೊವೇಶನ್ ಅಥಾರಿಟಿ ಕಾಯಿದೆಯನ್ನು ಮಾಡಿಕೊಂಡಿದೆ.

ಸ್ಯಾಂಡ್‌ಬಾಕ್ಸ್ ಎಂದರೆ ಮಕ್ಕಳು ಆಡುವ ಮರಳಿನ ಪೆಟ್ಟಿಗೆ. ಹೊಸ ಸಾಧನ ತಂದ ಕಂಪೆನಿಗೆ, ಕೆಲವು ನಿಯಮಗಳನ್ನು ಸಡಿಲಿಸಿ, ಇಷ್ಟೇ ಗಿರಾಕಿಗಳು, ಇಷ್ಟೇ ಕಾಲ ಎಂದು ಗೆರೆ ಎಳೆದು, ಗಿರಾಕಿಗಳ ಒಪ್ಪಿಗೆಯನ್ನು ಮೊದಲೇ ಪಡೆದು, ಮಂಡಳಿಯ ಕಣ್ಣೆದುರಿಗೆ ಪ್ರಯೋಗ ನಡೆಸಲು ಬಿಡುವುದು ಇದರ ಕ್ರಮ. ನನಗೆ ಈ ಹೆಸರು ಕೇಳಿದಾಗ ಹಿಂದಿನ ಕೂಲಿಮಠಗಳ ಮರಳು ನೆನಪಾಗುತ್ತದೆ. ಹುಡುಗರು ಮರಳನ್ನು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಕಾಲ ಅದು. ತಪ್ಪಿದರೆ ಅಂಗೈಯಿಂದ ಒಮ್ಮೆ ಸವರಿದರೆ ಸಾಕು. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿ ಶಾಸನ ಕಂಡರಿಸುತ್ತಿದ್ದವನಿಗೆ ಆ ಅನುಕೂಲವಿರಲಿಲ್ಲ. ಕಲ್ಲಿನಲ್ಲಿ ಬಿದ್ದ ತಪ್ಪನ್ನು ನಾವು ಇಂದಿಗೂ ಆವರಣಚಿಹ್ನೆ ಹಾಕಿ ತಿದ್ದಿ ಓದುತ್ತೇವೆ. ಕಾಯಿದೆಯ ಅಕ್ಷರ ಕಲ್ಲಿನ ಜಾತಿಯದು. ಅದಕ್ಕೆ ಮೊದಲು ಮರಳಿನ ಮೇಲೆ ಬರೆದು ನೋಡುವುದು ಒಳ್ಳೆಯ ಅಭ್ಯಾಸವೇ.

ಆದರೆ ಇಲ್ಲಿ ನನ್ನದೊಂದು ತಕರಾರಿದೆ. ಅದನ್ನು ಹೇಳಲು ನಾನು ಸಿರುಗುಪ್ಪಕ್ಕೆ ಹೋಗಬೇಕು.

ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ಅದಕ್ಕಿಂತ ಹಳೆಯದು. 1930ರ ದಶಕದಲ್ಲಿ, ನದಿಗೆ ಅಡ್ಡಲಾಗಿ ಒಂದು ಕಲ್ಲೂ ಬೀಳುವ ಮೊದಲು, ಮದರಾಸು ಸರಕಾರ ಅದನ್ನು ಸ್ಥಾಪಿಸಿತು. ಪ್ರಶ್ನೆ ಒಂದೇ: ಈ ಎರೆಭೂಮಿಗೆ ನೀರು ಕೊಟ್ಟರೆ ಏನಾಗುತ್ತದೆ? ಎರೆ ಎಂಥ ಮಣ್ಣೆಂದು ಬಳ್ಳಾರಿಯವರಿಗೆ ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಎತ್ತಿನ ಗೊರಸು ಕೀಳಲಾರದಷ್ಟು ಹಿಡಿಯುತ್ತದೆ. ತಲೆತಲಾಂತರದಿಂದ ಜೋಳ, ಹತ್ತಿಗಳನ್ನು ಮಳೆಯ ಹದದಲ್ಲೇ ಬೆಳೆದ ನೆಲ. ಇದಕ್ಕೆ ಕಾಲುವೆಯ ನೀರು ನಿಂತರೆ ಜವುಗಾಗುವುದೇ, ಅಡಿಯಲ್ಲಿರುವ ಉಪ್ಪು ಮೇಲೇರುವುದೇ, ಎಷ್ಟು ನೀರು, ಯಾವ ಬೆಳೆ, ಬಸಿಗಾಲುವೆ ಹೇಗೆ? ಇದನ್ನೆಲ್ಲ ಸರಕಾರ ತನ್ನದೇ ಹೊಲದಲ್ಲಿ, ತನ್ನದೇ ಸಂಬಳದ ವಿಜ್ಞಾನಿಗಳಿಂದ ಪರೀಕ್ಷಿಸಲು ಹೊರಟಿತು. ನೀರು ಬರುವ ಮೊದಲಿನ ಗದ್ದೆ ಅದು. ಹತ್ತಿಯ ವಿಷಯದಲ್ಲಿ ಇದೇ ಕೆಲಸವನ್ನು ನಮ್ಮ ಹಗರಿಯ ಕೇಂದ್ರ ಇನ್ನೂ ಮುಂಚಿನಿಂದ ಮಾಡುತ್ತಿತ್ತು. 'ಹಗರಿ-1' ಎಂಬ ಹತ್ತಿಯ ತಳಿ ಅಲ್ಲಿಯದೇ.

ಇದನ್ನು ಮರಳಿನ ಪೆಟ್ಟಿಗೆಯೊಡನೆ ಹೋಲಿಸಿ ನೋಡಿ. ಪೆಟ್ಟಿಗೆಯಲ್ಲಿ ಆಟಿಕೆ ತರುವವನು ಕಂಪೆನಿಯವನು. ಯಾವುದನ್ನು ಪರೀಕ್ಷಿಸಬೇಕೆಂದು ಆರಿಸುವವನೂ ಅವನೇ. ಮಂಡಳಿ ಅಂಚಿನಲ್ಲಿ ಕುಳಿತು ನೋಡುತ್ತದೆ. ಲಾಭವಾಗುವುದನ್ನು ಅವನು ತಂದಾನು. ಪೇಟೆಗೆ ಅಪಾಯವಾಗುವುದನ್ನು ಪರೀಕ್ಷೆಗೆಂದು ಯಾರು ತಂದಾರು? ಸಿರುಗುಪ್ಪದ ಹೊಲದಲ್ಲಿ ಪ್ರಶ್ನೆ ಸರಕಾರದ್ದಾಗಿತ್ತು. ಮಸೂದೆಯ ಬಗ್ಗೆ ನನ್ನ ತಕರಾರು ಇದೇ. ಪೆಟ್ಟಿಗೆ ಇರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಮಂಡಳಿಗೆ ತನ್ನದೇ ಒಂದು ಹೊಲವೂ ಬೇಕು. ಯಂತ್ರಸೂತ್ರಗಳನ್ನೂ ಕೃತಕ ಬುದ್ಧಿಮತ್ತೆಯನ್ನೂ ತಾನೇ ಕಟ್ಟಿ, ಕೆಡಿಸಿ, ಅವು ಹೇಗೆ ಹಾದಿ ತಪ್ಪುತ್ತವೆಂದು ಅವು ಪೇಟೆಗೆ ಬರುವ ಮೊದಲೇ ತಿಳಿದುಕೊಳ್ಳುವ ಕರ್ತವ್ಯವನ್ನು ಕಾಯಿದೆಯೇ ಅದಕ್ಕೆ ವಿಧಿಸಬೇಕು. ಶುಲ್ಕದ ಉಪಖಂಡದ ಬೆನ್ನಿಗೆ ಅಂಟಿಸಿದ ಒಂದು ಸಾಲು ಸಾಲದು.

ಶ್ರೀಮಂತ ದೇಶಗಳಲ್ಲಿ ಇದೆಲ್ಲ ಇತ್ಯರ್ಥವಾಗಿದೆ ಎಂದು ಭಾವಿಸಬೇಕಿಲ್ಲ. ಅಮೆರಿಕದಲ್ಲಿ ವಾಯಿದಾ ಪೇಟೆಯ ಕಾವಲಿಗೆ 1974ರ ಕಾಯಿದೆಯಿಂದ ಹುಟ್ಟಿದ ಆಯೋಗವಿದೆ. 2017ರಲ್ಲಿ ಅದು ಹೊಸ ತಂತ್ರಜ್ಞಾನಗಳ ಅಭ್ಯಾಸಕ್ಕೆಂದು ಒಂದು ವಿಭಾಗ ತೆರೆದಾಗ ಎದುರಾದ ತೊಡಕು ಸೋಜಿಗದ್ದು. ಯಾವುದಾದರೂ ಹೊಸ ತಂತ್ರಾಂಶವನ್ನು ಅದರ ನಿರ್ಮಾಪಕರಿಂದ ಪರೀಕ್ಷೆಗೆಂದು ಬಿಟ್ಟಿಯಾಗಿ ಪಡೆದರೆ ಅದು ಸರಕಾರಿ ಕಚೇರಿ ಉಡುಗೊರೆ ಪಡೆದಂತಾಗುತ್ತದೆ. ಉಡುಗೊರೆ ಪಡೆಯಲು ಕಾನೂನಿನ ಅಡ್ಡಿಯಿದೆ. ಲಂಚ ತಡೆಯಲು ಹಾಕಿದ ಬೇಲಿ ಕಲಿಯುವವನ ಕಾಲಿಗೇ ಅಡ್ಡ ಬಂತು. ಆ ಆಯೋಗದ ಸಂಶೋಧನಾಧಿಕಾರವನ್ನು ಹಿಗ್ಗಿಸುವ ಮಸೂದೆಗಳು ಅಲ್ಲಿಯ ಕಾಂಗ್ರೆಸ್ಸಿನಲ್ಲಿ ಮಂಡನೆಯಾದದ್ದು ಈ ಕಾರಣಕ್ಕೆ. ಒಂದು ಕಡೆ ಕಾವಲುಗಾರ ವ್ಯಾಪಾರಿಯಿಂದ ಏನನ್ನೂ ಮುಟ್ಟಬಾರದು. ಇನ್ನೊಂದು ಕಡೆ ವ್ಯಾಪಾರಿಯ ಸಾಧನ ಮುಟ್ಟದೆ ಅದರ ಗುಣ ತಿಳಿಯದು. ಪೌತವಾಧ್ಯಕ್ಷನ ಸ್ವಂತ ಕಾರ್ಯಶಾಲೆಯ ಅರ್ಥ ನನಗೆ ಪೂರ್ತಿಯಾಗಿ ಹೊಳೆದದ್ದು ಇದನ್ನು ಓದಿದಾಗ.

ಸಿರುಗುಪ್ಪದ ಕಥೆಯನ್ನು ನಾನು ಅರ್ಧಕ್ಕೆ ನಿಲ್ಲಿಸಿದೆ. ಉಳಿದರ್ಧ ಅಷ್ಟು ಸೊಗಸಾಗಿಲ್ಲ. ತುಂಗಭದ್ರಾ ಯೋಜನೆಯ ಮೂಲ ಉದ್ದೇಶ ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚುವುದಾಗಿತ್ತು. ಎರೆಗೆ ಮಿತವಾದ ನೀರು, ಜೋಳ ಹತ್ತಿಯಂಥ ಬೆಳೆಗಳು, ಭತ್ತಕ್ಕೆ ಗೊತ್ತುಮಾಡಿದಷ್ಟೇ ಭೂಮಿ. ನೀರು ಬಂತು. ಕರಾವಳಿ ಆಂಧ್ರದಿಂದ ಭತ್ತದ ಬೇಸಾಯದಲ್ಲಿ ಪಳಗಿದವರು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಅವರನ್ನು ನೋಡಿ ನಮ್ಮವರೂ ಕಲಿತರು. ಭತ್ತದ ಧಾರಣೆ ಕೈಹಿಡಿಯಿತು, ಅಕ್ಕಿ ಗಿರಣಿಗಳು ಎದ್ದವು. ಕಾಲುವೆಯ ಮೇಲ್ತುದಿಯವರು ಮೊಣಕಾಲುದ್ದ ನೀರು ನಿಲ್ಲಿಸಿದರು. ಕೊನೆಯ ಭಾಗದವರು ಒಣಗಿದ ತೂಬನ್ನು ನೋಡುತ್ತ ಧರಣಿ ಕೂತರು. ಎಷ್ಟೋ ಕಡೆ ಜವುಗೂ ಬಂತು, ಸವುಳೂ ಬಂತು. ಭತ್ತ ಹಾಕಿದವನನ್ನು ನಾನು ದೂರಲಾರೆ. ಮನೆಯಲ್ಲಿ ಉಣ್ಣುವವರಿದ್ದರು, ಪಕ್ಕದವನು ಬೆಳೆದು ಮಾಳಿಗೆ ಕಟ್ಟಿಸಿದ್ದ. ಕೇಂದ್ರದ ಹೊಲ ಮಣ್ಣಿನ ಗುಣವನ್ನು ಪರೀಕ್ಷಿಸಿತ್ತು. ಧಾರಣೆ ಏರಿದಾಗ ಮನುಷ್ಯನು ಏನು ಮಾಡುತ್ತಾನೆಂಬುದು ಅದರ ಪರೀಕ್ಷೆಯಲ್ಲಿ ಇರಲಿಲ್ಲ. ಆ ಕೇಂದ್ರದವರು ಆಮೇಲೆ ಹತ್ತಾರು ವರ್ಷ ಜವುಗು, ಸವುಳುಗಳ ಮೇಲೆಯೇ ಕೆಲಸ ಮಾಡಬೇಕಾಯಿತು.

ಹಣದ ಪೇಟೆಯ ಸಂಶೋಧನೆ ಯಂತ್ರವನ್ನು ಮಾತ್ರ ಬಿಚ್ಚಿ ನೋಡಿದರೆ ಇದೇ ಗತಿಯಾದೀತೆಂಬ ಅಂಜಿಕೆ ನನಗಿದೆ. ಯಂತ್ರದ ಈಚೆ ದಡದಲ್ಲಿ ಫೋನು ಹಿಡಿದು ಕುಳಿತವನೂ ಆ ಸಂಶೋಧನೆಯ ವಿಷಯವಾಗಬೇಕು. ಅವನ ವಯಸ್ಸು, ಅವನ ಸಾಲ, ಅವನ ಭಾಷೆ, ಎಲ್ಲವೂ.

ಕಳೆದ ತಿಂಗಳು ಆ ವಿದ್ಯಾರ್ಥಿ ಮತ್ತೆ ಬಂದಿದ್ದ. ಈಗ ತಂದೆಯ ಜೊತೆ ಹೊಲಕ್ಕೆ ಹೋಗುತ್ತಿದ್ದಾನೆ. ಸೆಬಿಯ ಅಧ್ಯಯನದ ಇಂಗ್ಲಿಷ್ ಪ್ರತಿಯೊಂದು ನನ್ನ ಬಳಿಯಿತ್ತು. ಮುಖ್ಯವಾದ ನಾಲ್ಕಾರು ಪುಟಗಳನ್ನು ನಾನು ಕನ್ನಡಕ್ಕೆ ತಿರುಗಿಸಿ ಇಟ್ಟಿದ್ದೆ. ತೊಂಬತ್ತಮೂರು, ತೊಂಬತ್ತೇಳು, ಎಪ್ಪತ್ತೆರಡು ಎಂಬ ಅಂಕಿಗಳಿರುವ ಪುಟಗಳು. ಅವನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದ. ಇದಕ್ಕೂ ಮೊದಲು, 2023ರ ಜನವರಿಯಲ್ಲಿ, ಇಂಥದೇ ಒಂದು ಅಧ್ಯಯನ ಬಂದಿತ್ತೆಂದೂ, ಹತ್ತು ಜನರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆಂಬ ಎಚ್ಚರಿಕೆಯನ್ನು ಆ ವರ್ಷದ ಜುಲೈಯಿಂದ ದಲ್ಲಾಳಿ ಕಂಪೆನಿಗಳು ಗಿರಾಕಿಗೆ ತೋರಿಸಲೇಬೇಕೆಂದು ಸೆಬಿ ಆಜ್ಞೆ ಮಾಡಿತೆಂ‌ದೂ ಹೇಳಿ, "ನಿನಗೆ ಅದು ಕಾಣಲೇ ಇಲ್ಲವೇನಪ್ಪ?" ಎಂದು ಕೇಳಿದೆ.

"ಕಾಣ್ತಿತ್ತು ಸಾರ್, ದಿನಾ ಬೆಳಿಗ್ಗೆ ಬರ್ತಿತ್ತು. ಇಂಗ್ಲಿಷ್‌ನಾಗೆ ಒಂದು ಡಬ್ಬಿ. ಕೆಳಗೆ ಒಂದು ಗುಂಡಿ ಇರ್ತಿತ್ತು" ಎಂದು, ಹಾಳೆಗಳನ್ನು ಮಡಿಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ಒತ್ತಿದರೆ ಹೋಗ್ತಿತ್ತು."